ಆಶ್ವಯುಜದ ಸಾಲಕ್ಕೆ ಹೋಳಿಗೆ ಕಾರಣವೇ?



ಆಶ್ವಯುಜ ಮಾಸ ಬಂತೆಂದರೆ ಪೇಟೆಯ ಬುದ್ಧಿವಂತರಿಗೆ ನಮ್ಮ ಮೇಲೆ ಎಲ್ಲಿಲ್ಲದ ಕಾಳಜಿ. "ದಸರಾ, ದೀಪಾವಳಿ ಅಂತ ಸಾಲ ಮಾಡಿ ಹೋಳಿಗೆ ತಿಂತಾರೆ, ಆಮೇಲೆ ಮನ್ನಾ ಮಾಡಿ ಅಂತ ಅಳ್ತಾರೆ" ಎನ್ನುವುದು ಇವರ ಹಳೆಯ ರಾಗ. ಈ ರಾಗಕ್ಕೆ ಉತ್ತರ ಸಿಕ್ಕು ಸುಮಾರು ನೂರೈವತ್ತು ವರ್ಷವಾಯಿತು. 1875ರಲ್ಲಿ ಪುಣೆ, ಅಹಮದ್‌ನಗರ ಜಿಲ್ಲೆಗಳ ರೈತರು ಸಾಹುಕಾರರ ಸಾಲಪತ್ರಗಳನ್ನು ಕಿತ್ತು ಸುಟ್ಟರು. ಅದರ ವಿಚಾರಣೆಗೆ ಬ್ರಿಟಿಷ್ ಸರ್ಕಾರವೇ ನೇಮಿಸಿದ ಆಯೋಗ, ರೈತನ ಸಾಲಕ್ಕೆ ಮದುವೆ-ಹಬ್ಬದ ಖರ್ಚು ಕಾರಣವೆಂಬ ಮಾತಿಗೆ ಸಲ್ಲದ ಮಹತ್ವ ಕೊಡಲಾಗಿದೆ ಎಂದು ಬರೆಯಿತು. ಪರದೇಶದ ದೊರೆಗಳಿಗೆ ಅಂದೇ ಗೊತ್ತಾದದ್ದು ನಮ್ಮ ದೊರೆಗಳಿಗೆ ಇನ್ನೂ ಗೊತ್ತಾಗಿಲ್ಲ!

ಲೆಕ್ಕ ಹಾಕೋಣ ಬನ್ನಿ. ಬೇಲೂರು, ಹಳೇಬೀಡು ಕಡೆ ಮುಸುಕಿನ ಜೋಳ ಕೈಗೆ ಬರುವುದು ಇದೇ ಹಬ್ಬದ ಹೊತ್ತಿಗೆ. 2025-26ನೇ ಸಾಲಿಗೆ ಕೇಂದ್ರ ಸರ್ಕಾರ ಘೋಷಿಸಿದ ಬೆಂಬಲ ಬೆಲೆ ಕ್ವಿಂಟಲಿಗೆ 2,400 ರೂಪಾಯಿ. 2025ರ ನವೆಂಬರ್‌ನಲ್ಲಿ, ದರ 1,600ರಿಂದ 1,800ಕ್ಕೆ ಕುಸಿದಿದೆಯೆಂದು ರಾಜ್ಯದ ಮುಖ್ಯಮಂತ್ರಿಗಳೇ ಪ್ರಧಾನಿಗೆ ಪತ್ರ ಬರೆದರು. 1,800 ಎಂದೇ ಹಿಡಿಯಿರಿ. 30 ಕ್ವಿಂಟಲ್ ಮಾರಿದವನಿಗೆ 18,000 ರೂಪಾಯಿ ಖೋತಾ. ಮಕ್ಕಳಿಗೆ ಬಟ್ಟೆ, ತವರಿಗೆ ಬಂದ ಮಗಳಿಗೆ ಒಂದು ಸೀರೆ, ಬೆಲ್ಲ-ಬೇಳೆ ಎಲ್ಲ ಸೇರಿಸಿದರೂ ಬಡ ರೈತನ ಹಬ್ಬ ಅಷ್ಟಾಗುತ್ತದೆಯೇ ಸ್ವಾಮಿ? ಹೋಳಿಗೆ ತಿಂದವನು ರೈತ; ರೈತನನ್ನು ತಿಂದದ್ದು ಬೆಲೆ.

ಇನ್ನು ಅರಸೀಕೆರೆ ಕಡೆಯ ರಾಗಿ. ಆಶ್ವಯುಜದಲ್ಲಿ ಅದು ಇನ್ನೂ ಹೊಲದಲ್ಲಿರುತ್ತದೆ, ಕೈ ಬರಿದಾಗಿರುತ್ತದೆ. ಆಗಲೇ ಕರೆ ಬರುವುದು: "ಮುಂಗಡ ತಗೊಂಡ್ಹೋಗಿ ಗೌಡ್ರೇ, ಮಾಲು ನಮಗೇ ಹಾಕಿ." ಆವತ್ತೇ ನಿಮ್ಮ ಪೈರಿನ ಬೆಲೆ ಅವರ ಕೈ ಸೇರಿತು. ಸರ್ಕಾರ ಕ್ವಿಂಟಲಿಗೆ 4,886 ಎಂದು ಘೋಷಿಸಿತು, ನಿಜ. ಆದರೆ ಖರೀದಿ ಶುರುವಾಗುವುದು ಸಾಮಾನ್ಯವಾಗಿ ಜನವರಿ ಹುಟ್ಟಿದ ಮೇಲೆ. ಅಷ್ಟರಲ್ಲಿ ಸಣ್ಣ ಹಿಡುವಳಿದಾರನ ರಾಗಿ ಕಣದಿಂದಲೇ ಲಾರಿ ಹತ್ತಿರುತ್ತದೆ.

ಅಧಿಕಾರಿಗಳಿಗೆ ಸಾಮರ್ಥ್ಯವಿಲ್ಲವೆನ್ನಬೇಡಿ. ಹಾಸನಕ್ಕೆ ಹೋಗಿ ನೋಡಿ. ಆಶ್ವಯುಜ ಹುಣ್ಣಿಮೆ ಕಳೆದ ಮೊದಲ ಗುರುವಾರ ಹಾಸನಾಂಬೆಯ ಬಾಗಿಲು ತೆರೆಯುತ್ತದೆ, ಬಲಿಪಾಡ್ಯಮಿ ಮುಗಿದ ಮೇಲೆ ಮುಚ್ಚುತ್ತದೆ. 2025ರಲ್ಲಿ ಅಕ್ಟೋಬರ್ 9ರಂದು ತೆರೆದು 23ರಂದು ಮುಚ್ಚಿದರು. ಲಕ್ಷಾಂತರ ಜನಕ್ಕೆ ಸಾಲು, ನೀರು, ಪೊಲೀಸು. ಸಾವಿರ ರೂಪಾಯಿ ಟಿಕೆಟ್ಟಿನವರಿಗೆ ಬೇರೆ ಸಾಲು. ಪಂಚಾಂಗ ನೋಡಿ ಗುಡಿಯ ಬಾಗಿಲು ತೆರೆಸಬಲ್ಲವರಿಗೆ, ಪೈರು ನೋಡಿ ಖರೀದಿ ಕೇಂದ್ರದ ಬಾಗಿಲು ತೆರೆಸಲು ಬರುವುದಿಲ್ಲವೇ? ತಾಯಿಯ ಮುಂದಿನ ದೀಪ ವರ್ಷವಿಡೀ ಆರುವುದಿಲ್ಲವೆಂಬುದು ಜನರ ನಂಬಿಕೆ. ನಮ್ಮ ಮನೆಗಳಲ್ಲಿ ವರ್ಷವಿಡೀ ಆರದೆ ಉರಿಯುವುದು ಬಡ್ಡಿಯೊಂದೇ.

ಕಾರ್ಖಾನೆ ಲಾಭ ಮಾಡದಿದ್ದರೂ ಕಾರ್ಮಿಕನಿಗೆ ಶೇ. 8.33 ಬೋನಸ್ ಕೊಡಬೇಕೆಂದು 1965ರ ಕಾಯಿದೆ ಹೇಳಿತು. 2019ರ ವೇತನ ಸಂಹಿತೆಯೂ ಅದನ್ನು ಉಳಿಸಿಕೊಂಡಿದೆ. ಕೊಡಲಿ, ಅದು ಅವರ ಬೆವರಿನ ಹಕ್ಕು. ನಾವು ಬೋನಸ್ ಕೇಳುತ್ತಿಲ್ಲ. ಸರ್ಕಾರ ತಾನೇ ಘೋಷಿಸಿದ ಬೆಲೆಯನ್ನು ಸಕಾಲಕ್ಕೆ ಕೊಡಿ ಎನ್ನುತ್ತಿದ್ದೇವೆ, ಅಷ್ಟೇ.

ಆದ್ದರಿಂದ ಬಂಧುಗಳೇ, ಆಯುಧಪೂಜೆಗೆ ನೇಗಿಲು, ಟ್ರಾಕ್ಟರು ತೊಳೆಯುವ ದಿನವೇ ಊರಿನವರೆಲ್ಲ ಕೂತು ತೀರ್ಮಾನ ಮಾಡಿ. ಪೈರಿನ ಮೇಲೆ ಮುಂಗಡ ಬೇಡ. ಮಾನ್ಯತೆ ಪಡೆದ ಉಗ್ರಾಣದಲ್ಲಿ ಮಾಲಿಟ್ಟರೆ, ಕಿಸಾನ್ ಕ್ರೆಡಿಟ್ ಕಾರ್ಡ್ ಇರುವ ಸಣ್ಣ ರೈತರಿಗೆ ರಸೀದಿಯ ಮೇಲೆ ಆರು ತಿಂಗಳವರೆಗೆ ರಿಯಾಯಿತಿ ಬಡ್ಡಿಯ ಸಾಲಕ್ಕೆ ಅವಕಾಶವಿದೆ. ಬ್ಯಾಂಕಿನವರು ಕರೆದು ಹೇಳುವುದಿಲ್ಲ, ನೀವೇ ಕೇಳಿ. ಜೋಳಕ್ಕೆ ದೀಪಾವಳಿಯೊಳಗೆ, ರಾಗಿಗೆ ಕಣ ಮಾಡುವುದರೊಳಗೆ ಕೇಂದ್ರ ತೆರೆಯಬೇಕೆಂದು ತಹಸೀಲ್ದಾರರಿಗೆ ಒಟ್ಟಾಗಿ ಹೋಗಿ ಹೇಳಿ. ಒಬ್ಬನೇ ಹೋದರೆ ಅರ್ಜಿ, ಊರೇ ಹೋದರೆ ಆಜ್ಞೆ. 2022ರಲ್ಲಿ ಗುರಿ ಮುಗಿಯಿತೆಂದು ರಾಗಿ ನೋಂದಣಿ ನಿಲ್ಲಿಸಿದ್ದರು; ರೈತರು ಗಲಾಟೆ ಎಬ್ಬಿಸಿದ ಮೇಲೆ ಮಿತಿ ಏರಿತು. ಮರೆಯಬೇಡಿ.

ಹೋಳಿಗೆ ಮಾಡಿ, ಮಕ್ಕಳಿಗೆ ಬಡಿಸಿ, ನಾಚಿಕೆ ಬೇಡ. ಹಬ್ಬ ಬಿಡಬೇಡಿ, ಬೆಲೆಯನ್ನೂ ಬಿಡಬೇಡಿ.