ಹಿನ್ನೀರಿನ ಕೆಳಗಿನ ಆಕರಗಳು

ಇಟಲಿಯ ನೇಮಿ ಸರೋವರದ ತಳದಲ್ಲಿ ಎರಡು ಬೃಹತ್ ನೌಕೆಗಳು ಮುಳುಗಿವೆಯೆಂಬ ಸಂಗತಿ ಅಲ್ಲಿಯ ಜನರಿಗೆ ತಲೆಮಾರುಗಳಿಂದ ತಿಳಿದಿತ್ತು. 1446ರಲ್ಲಿ ಲಿಯೋನ್ ಬಟ್ಟಿಸ್ಟಾ ಆಲ್ಬರ್ಟಿ ಅವುಗಳನ್ನು ಮೇಲೆತ್ತಲು ಯತ್ನಿಸಿ ಸೋತನು. 1928ರಲ್ಲಿ ಸರೋವರದ ನೀರನ್ನೇ ಹೊರಹಾಕತೊಡಗಿದ ಮೇಲೆ ಅವು ಬೆಳಕು ಕಂಡವು. ಸೀಸದ ಕೊಳವೆಗಳ ಮೇಲೆ ಅಚ್ಚೊತ್ತಿದ್ದ ಹೆಸರಿನಿಂದ ಅವು ರೋಮನ್ ಚಕ್ರವರ್ತಿ ಕಲಿಗುಲನ ಕಾಲದವೆಂದು ಖಚಿತವಾಯಿತು. ಶಾಸನಾಭ್ಯಾಸಿಗಳಿಗೆ ಇದು ಪರಿಚಿತ ವಿಧಾನವೇ. ಆದರೆ 1944ರ ಮೇ 31ರ ರಾತ್ರಿ ವಸ್ತುಸಂಗ್ರಹಾಲಯಕ್ಕೆ ಬಿದ್ದ ಬೆಂಕಿಯಲ್ಲಿ ಎರಡೂ ನೌಕೆಗಳು ಬೂದಿಯಾದವು. ನೀರು ಹತ್ತೊಂಬತ್ತು ಶತಮಾನ ಕಾಯ್ದುಕೊಂಡದ್ದನ್ನು ನೆಲ ಹದಿನೈದು ವರ್ಷವೂ ಕಾಯಲಿಲ್ಲ. ಉಳಿದದ್ದು ಕೆಲವು ಕಂಚಿನ ವಸ್ತುಗಳು ಮತ್ತು ಗಿಡೊ ಉಚೆಲ್ಲಿಯವರ ಗ್ರಂಥದಲ್ಲಿ ಸೇರಿದ ಅಳತೆ, ನಕ್ಷೆ, ಛಾಯಾಚಿತ್ರಗಳು. ವಸ್ತು ಹೋಯಿತು, ದಾಖಲೆ ನಿಂತಿತು.

ಕೃಷ್ಣಾ ತೀರದ ಕನ್ನಡ ಸಂಶೋಧನೆಗೆ ಈ ದೂರದ ಪ್ರಸಂಗ ಅಪ್ರಸ್ತುತವಲ್ಲ. 1964ರಲ್ಲಿ ಲಾಲ್ ಬಹದ್ದೂರ್ ಶಾಸ್ತ್ರಿಯವರು ಅಡಿಗಲ್ಲಿಟ್ಟ ಆಲಮಟ್ಟಿ ಅಣೆಕಟ್ಟು 2006ರಲ್ಲಿ ರಾಷ್ಟ್ರಕ್ಕೆ ಸಮರ್ಪಿತವಾಯಿತು. 519.60 ಮೀಟರ್ ಮಟ್ಟದವರೆಗೆ ನಿಂತ ನೀರು ಬಾಗಲಕೋಟೆ ಪಟ್ಟಣದ ಒಂದು ಭಾಗವನ್ನೂ ಬೀಳಗಿ ತಾಲೂಕಿನ ಹೊಳೆಸಾಲಿನ ಹಳ್ಳಿಗಳನ್ನೂ ಒಳಗೊಂಡಿತು. ಇಲ್ಲಿ ಮುಳುಗಿದ್ದು ನೌಕೆಯಲ್ಲ, ಊರು. ವ್ಯತ್ಯಾಸ ಅಷ್ಟಕ್ಕೇ ನಿಲ್ಲುವುದಿಲ್ಲ. ನೇಮಿಯ ಕೆಸರು ಮರವನ್ನು ಕೆಡದಂತೆ ಹಿಡಿದಿಟ್ಟಿತು. ವರ್ಷವರ್ಷವೂ ಏರಿ ಇಳಿಯುವ ಹಿನ್ನೀರು ಮಣ್ಣಿನ ಗೋಡೆಯನ್ನು ಕರಗಿಸುತ್ತದೆ. ಊರು ಬಿಡುವವರು ತೊಲೆ, ಜಂತಿ, ಬಾಗಿಲುಗಳನ್ನು ಬಿಚ್ಚಿಕೊಂಡೇ ಹೋಗುತ್ತಾರೆ. ಆದುದರಿಂದ ಬೇಸಗೆಯಲ್ಲಿ ನೀರು ಸರಿದಾಗ ಕಾಣುವ ತಳಪಾಯದ ಕಲ್ಲುಗಳಲ್ಲಿ ಊರನ್ನು ಹುಡುಕುವುದು ಬರಿಗೈಯ ಶೋಧನೆ. ಈ ನೌಕೆಯ ಸರಕು ನೀರಿನಲ್ಲಿಲ್ಲ; ಪುನರ್ವಸತಿ ಕೇಂದ್ರಗಳಲ್ಲಿ ವಾಸಿಸುವವರ ಮಾತಿನಲ್ಲಿದೆ.

ಕೃಷ್ಣೆಯ ಮುಳುಗಡೆಯ ಇತಿಹಾಸದಲ್ಲಿ ಕಲ್ಲಿಗೂ ದೇವರಿಗೂ ಜಾಗ ಸಿಕ್ಕಿದೆಯೆಂಬುದನ್ನು ಒಪ್ಪಬೇಕು. ನಾಗಾರ್ಜುನಕೊಂಡದಲ್ಲಿ 1954ರಿಂದ 1960ರವರೆಗೆ ಉತ್ಖನನ ನಡೆಸಿ, ಅವಶೇಷಗಳನ್ನು ಜಲಾಶಯದ ನಡುವಣ ಗುಡ್ಡಕ್ಕೆ ಏರಿಸಲಾಯಿತು. ಶ್ರೀಶೈಲ ಜಲಾಶಯಕ್ಕೆ ಸಿಲುಕಲಿದ್ದ ಕೂಡವೆಲ್ಲಿಯ ಸಂಗಮೇಶ್ವರ ದೇವಾಲಯ ಆಲಂಪುರಕ್ಕೆ ಸ್ಥಳಾಂತರವಾಯಿತು. ಕೂಡಲಸಂಗಮದಲ್ಲಿ ಬಸವಣ್ಣನವರ ಐಕ್ಯಮಂಟಪದ ಸುತ್ತ ಬಾವಿಯಂತೆ ಗೋಡೆ ಕಟ್ಟಿ ನೀರನ್ನು ತಡೆಯಲಾಯಿತು. ಘಟಪ್ರಭೆ ಕೃಷ್ಣೆಯನ್ನು ಕೂಡುವ ಬೀಳಗಿ ಸೀಮೆಯ ಚಿಕ್ಕಸಂಗಮಕ್ಕೆ ಅಂಥ ಭಾಗ್ಯವಿರಲಿಲ್ಲ; ಹಿನ್ನೀರು ಏರಿದಾಗ ಅಲ್ಲಿಯ ಗುಡಿ ಜಲಾವೃತವಾಗುತ್ತದೆ. ಯಾವುದನ್ನು ಉಳಿಸಬೇಕೆಂಬ ಆಯ್ಕೆಯಲ್ಲಿಯೇ ಒಂದು ಶ್ರೇಣೀಕರಣವಿದೆ. ಆ ಶ್ರೇಣಿಯ ಕಟ್ಟಕಡೆಯಲ್ಲೂ ಭಾಷೆ ನಿಂತಿಲ್ಲ.

ಕನ್ನಡ ವಿಭಾಗಗಳ ಹೊಣೆ ಇಲ್ಲಿಂದ ತೊಡಗುತ್ತದೆ. ರನ್ನನು ಅಜಿತಪುರಾಣದಲ್ಲಿ ತನ್ನ ಹುಟ್ಟೂರಾದ ಮುದುವೊಳಲನ್ನು ಗುರುತಿಸುವಾಗ ಬೆಳುಗಲಿ ನಾಡು, ಜಂಬುಖಂಡಿ ಎಪ್ಪತ್ತು ಎಂದು ಆಡಳಿತ ಘಟಕಗಳನ್ನು ಹೇಳಿ ಸುಮ್ಮನಾಗುವುದಿಲ್ಲ, ಹೊಳೆಗಳ ಹೆಸರನ್ನೂ ಹಿಡಿಯುತ್ತಾನೆ. ಇಂದಿನ ಮುಧೋಳ, ಜಮಖಂಡಿಗಳನ್ನು ಅವನ ಮಾತಿನಿಂದಲೇ ಗುರುತಿಸಲು ಸಾಧ್ಯವಾಗಿರುವುದು ಸ್ಥಳನಾಮಗಳು ಸಾವಿರ ವರ್ಷ ಬದುಕಿದ್ದರಿಂದ. ಬಾಗಲಕೋಟೆಯ ನವನಗರದಲ್ಲಿ ವಿಳಾಸ ಸೆಕ್ಟರಿನ ಅಂಕಿಯಾಗಿದೆ. ಅಂಕಿಯ ಊರಿನಿಂದ ಮುಂದೊಬ್ಬ ಕವಿ ಬಂದರೆ ಅವನ ಜನ್ಮಸ್ಥಳ ನಿರ್ಣಯಿಸುವುದು ಸುಲಭವೇ ಆದೀತು, ಆ ಸ್ಥಳದ ಬಗ್ಗೆ ಬೇರೇನೂ ತಿಳಿಯಲಾರದು. ಊರಿನ ಹೆಸರಾದರೂ ‘ಹಳೆ’, ‘ಹೊಸ’ ಎಂಬ ವಿಶೇಷಣ ಹೊತ್ತು ಬದುಕುತ್ತದೆ. ಹೊಲಗಳ ಹೆಸರಿಗೆ ಆ ಅವಕಾಶವೂ ಇಲ್ಲ. ಭೂಸ್ವಾಧೀನದ ಕಾಗದದಲ್ಲಿ ಹೊಲವೆಂದರೆ ಸರ್ವೆ ನಂಬರು. ಎರಿ, ಮಡ್ಡಿ, ಗಡ್ಡಿ ಎಂಬ ಮಣ್ಣಿನ ವಿವೇಕವನ್ನೂ, ಯಾರದೋ ಜಗಳ, ಯಾರದೋ ಹರಕೆಯನ್ನೂ ಹೊತ್ತ ಹೆಸರುಗಳು ನಂಬರಿನೊಂದಿಗೆ ಜೋಡಣೆಯಾಗದೆಯೇ ಹೋಗಿವೆ.

ಅಂಬಿಗರ ಮಾತಿನ ಗತಿ ಇನ್ನೂ ಸೂಕ್ಷ್ಮವಾದುದು. ಮಡು, ಸುಳಿ, ಸೆಳವು ಎಂಬಿವು ಹರಿಯುವ ಹೊಳೆಯಲ್ಲಿ ಬರಿಯ ನಾಮಪದಗಳಲ್ಲ, ಹರಿಗೋಲಿನ ಮಂದಿಯ ಜೀವ ಉಳಿಸುವ ನಿರ್ದಿಷ್ಟ ಸ್ಥಳಗಳು. ನೀರು ಒಂದೇ ಮಟ್ಟದಲ್ಲಿ ನಿಂತಾಗ ಪದ ಉಳಿದರೂ ಅದರ ಸ್ಥಳ ಇಲ್ಲವಾಗುತ್ತದೆ. ನಿಘಂಟು ಈ ಬಗೆಯ ಸಾವನ್ನು ದಾಖಲಿಸಲಾರದು. ಅಂಬಿಗರ ಚೌಡಯ್ಯನ ವಚನಗಳ ದೋಣಿಯನ್ನು ಕುರಿತು ಕನ್ನಡದಲ್ಲಿ ಬೇಕಾದಷ್ಟು ತಾತ್ತ್ವಿಕ ವ್ಯಾಖ್ಯಾನಗಳಿವೆ. ದೋಣಿಯನ್ನೇ ಕುರಿತು ಕೇಳಿದವರು ವಿರಳ. ಜಮಖಂಡಿ ತಾಲೂಕಿನ ಮುತ್ತೂರು, ಕಂಕಣವಾಡಿಗಳ ನಡುಗಡ್ಡೆಯ ರೈತರಿಗೆ ದೋಣಿ ರೂಪಕವಲ್ಲ, ಹೊಲದ ದಾರಿ.

ಮುಳುಗಡೆಯ ಸಾಹಿತ್ಯವೆಂದೊಡನೆ ನಾ. ಡಿಸೋಜರ ‘ಮುಳುಗಡೆ’, ‘ದ್ವೀಪ’ ನೆನಪಾಗುವುದು ಸಹಜ. ಶರಾವತಿಯ ಆ ಅನುಭವ ಕನ್ನಡ ವಿಮರ್ಶೆಗೆ ಒಂದು ಮಾದರಿಯನ್ನು ಒದಗಿಸಿದೆ. ಆದರೆ ಅದನ್ನು ಎರೆನಾಡಿಗೆ ಹಾಗೆಯೇ ತಂದು ಹೊದಿಸುವುದು ಸರಿಯಲ್ಲ. ಕಾಡಿನ ನಡುವಣ ಒಂಟಿ ಮನೆಯ ಏಕಾಂತ ಇಲ್ಲಿಯದಲ್ಲ. ಇಲ್ಲಿ ಪೇಟೆಯಿದೆ, ವಾರದ ಸಂತೆಯಿದೆ, ಪರಿಹಾರದ ಕಚೇರಿಯ ಅಲೆದಾಟವಿದೆ. ಎಲ್ಲಕ್ಕಿಂತ ಮಿಗಿಲಾಗಿ ಕಾಯುವಿಕೆಯಿದೆ. ಅಡಿಗಲ್ಲಿಗೂ ಸಮರ್ಪಣೆಗೂ ನಡುವೆ ನಲವತ್ತೆರಡು ವರ್ಷ. ಮುಳುಗಲಿದೆಯೆಂದು ಗೊತ್ತಾದ ಊರಿನಲ್ಲಿ ಮನೆ ರಿಪೇರಿ ಮಾಡಿಸಬೇಕೋ ಬೇಡವೋ ಎಂಬ ಪ್ರಶ್ನೆ ಒಂದು ತಲೆಮಾರಿನ ಬದುಕಾಗುತ್ತದೆ. ಇನ್ನೊಂದು ಮಗ್ಗುಲೂ ಇದೆ. ಇದೇ ಕೃಷ್ಣೆಗೆ ಜಮಖಂಡಿ ತಾಲೂಕಿನ ಚಿಕ್ಕಪಡಸಲಗಿಯಲ್ಲಿ ಸಿದ್ದು ನ್ಯಾಮಗೌಡರ ನೇತೃತ್ವದಲ್ಲಿ ರೈತರು ಸ್ವಂತ ಹಣ, ಶ್ರಮಗಳಿಂದ ಬ್ಯಾರೇಜು ಕಟ್ಟಿ, 1989ರಲ್ಲಿ ನೀರು ನಿಲ್ಲಿಸಿ ‘ಶ್ರಮಬಿಂದು ಸಾಗರ’ವೆಂದು ಕರೆದರು. ನೀರನ್ನು ಬೇಡಿದ ನಾಡೂ ನೀರಿಗೆ ಅಂಜಿದ ನಾಡೂ ಒಂದೇ. ಶೋಕದ ಏಕಸ್ವರದಲ್ಲಿ ಈ ಸಂಕಥನವನ್ನು ಬರೆದರೆ ಕಬ್ಬಿನ ಗದ್ದೆಯವನ ಮಾತು ಬಿಟ್ಟುಹೋಗುತ್ತದೆ. ಪ್ರಗತಿಯ ಏಕಸ್ವರದಲ್ಲಿ ಬರೆದರೆ ಉಳಿದೆಲ್ಲರದು.

ಇದು ಮುಗಿದ ಚರಿತ್ರೆಯೂ ಅಲ್ಲ. ಕೃಷ್ಣಾ ಜಲವಿವಾದ ಎರಡನೆಯ ನ್ಯಾಯಮಂಡಳಿ 2010ರಲ್ಲಿ ಜಲಾಶಯದ ಮಟ್ಟವನ್ನು 524.256 ಮೀಟರಿಗೆ ಏರಿಸಲು ಅವಕಾಶ ನೀಡಿತು. ನೆರೆ ರಾಜ್ಯಗಳ ತಕರಾರಿನಿಂದ ತೀರ್ಪಿನ ಅಧಿಸೂಚನೆ ವರ್ಷಗಟ್ಟಲೆ ನಿಂತಿತು. 2025ರ ಸೆಪ್ಟೆಂಬರಿನಲ್ಲಿ ರಾಜ್ಯ ಸಚಿವ ಸಂಪುಟ ಮುಳುಗಡೆಯಾಗುವ ನೀರಾವರಿ ಜಮೀನಿಗೆ ಎಕರೆಗೆ 40 ಲಕ್ಷ, ಒಣಬೇಸಾಯದ ಜಮೀನಿಗೆ 30 ಲಕ್ಷ ರೂಪಾಯಿ ಪರಿಹಾರವನ್ನು ನಿರ್ಧರಿಸಿತು. ನಾಲ್ಕೂವರೆ ಮೀಟರು ಮಿಕ್ಕ ಈ ಅಂತರದಲ್ಲಿ ಸಿಲುಕುವ ಹಳ್ಳಿಗಳು ಯಾವುವೆಂಬುದು ನೀರು ಬರುವ ಮೊದಲೇ ಗೊತ್ತಿದೆ. ನೇಮಿಯ ವಿದ್ವಾಂಸರಿಗೆ ಮುಳುಗುವ ಮುನ್ನಿನ ನೌಕೆಯನ್ನು ನೋಡುವ ಅವಕಾಶವಿರಲಿಲ್ಲ. ಇಲ್ಲಿ ಅದಿದೆ.

ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿಗಳ ಕಾಲೇಜುಗಳ ಕನ್ನಡ ಅಧ್ಯಾಪಕರು ಒಂದೊಂದು ಹಳ್ಳಿಯನ್ನು ವಹಿಸಿಕೊಂಡರೆ ಕೆಲಸ ಅಸಾಧ್ಯವಲ್ಲ. ಸರ್ವೆ ನಂಬರಿನ ಪಕ್ಕದಲ್ಲಿ ಹೊಲದ ಹೆಸರು, ಹೆಸರಿನ ಪಕ್ಕದಲ್ಲಿ ಅದನ್ನು ಹೇಳಿದವರ ವಯಸ್ಸು, ಜಾತಿ, ಕಸುಬು: ಸ್ನಾತಕೋತ್ತರ ಪದವಿಯ ಕಿರುಪ್ರಬಂಧಕ್ಕೆ ಇದಕ್ಕಿಂತ ಗಟ್ಟಿಯಾದ ವಿಷಯ ಬೇಡ. ಜಾನಪದ ಸಂಗ್ರಹವೆಂದರೆ ಪ್ರಕಾರವಾರು ಹಾಡು, ಕತೆ, ಗಾದೆಗಳೆಂಬ ರೂಢಿ ಬಿಟ್ಟು, ಊರನ್ನೇ ಒಂದು ಪಠ್ಯವಾಗಿ ಎತ್ತಿಕೊಳ್ಳಬೇಕಾಗುತ್ತದೆ. ಸಂಗ್ರಹದ ಪ್ರತಿ ವಿಭಾಗದ ಬೀರುವಿನಲ್ಲಿ ಮಾತ್ರವಲ್ಲದೆ ಆ ಊರಿನವರ ಬಳಿಯೂ ಇರಬೇಕು. ನೇಮಿಯಲ್ಲಿ ಸುಟ್ಟುಹೋದದ್ದು ಒಂದೇ ಕಡೆ ಇಟ್ಟದ್ದು. ಮೊದಲ ಮುಳುಗಡೆಯಲ್ಲಿ, 2000ದ ಆಸುಪಾಸಿನಲ್ಲಿ, ನಲವತ್ತರ ಪ್ರಾಯದಲ್ಲಿ ಊರು ಬಿಟ್ಟವರು ಈಗ ಅರವತ್ತೈದು ದಾಟಿದ್ದಾರೆ. ಕ್ಷೇತ್ರಕಾರ್ಯದ ಪಟ್ಟಿಯಲ್ಲಿ ಮೊದಲು ಬರಬೇಕಾದವರು ಅವರು, ಅವರಲ್ಲಿಯೂ ಅಂಬಿಗರು.