ಒಂದೇ ಬೈಕು, ದೇಶಕ್ಕೊಂದು ರೂಲ್ಸು

ಹೊಸ ಬೈಕ್ ಮನೆಗೆ ಬಂದ ಮೇಲೆ ನಮ್ಮ ಹುಡುಗರು ಮಾಡೋ ಮೊದಲ ಕೆಲಸ ಏನು ಹೇಳಿ? ಹಿಂದಿನ ಚಕ್ರದ ಪಕ್ಕ ಇರೋ ಸೀರೆ ಗಾರ್ಡ್ ಬಿಚ್ಚಿಸೋದು. “ಯೂಟ್ಯೂಬಲ್ಲಿ ನೋಡಿ, ಫಾರಿನ್ನಲ್ಲಿ ಇದೇ ಬೈಕಿಗೆ ಈ ಜಾಲರಿ ಇಲ್ವೇ ಇಲ್ಲ, ಎಷ್ಟು ನೀಟಾಗಿ ಕಾಣುತ್ತೆ!” ಅನ್ನೋದು ಅವರ ವಾದ.

ನಿಜ, ಅಲ್ಲಿ ಇಲ್ಲ. ನಮ್ಮಲ್ಲಿ ಇರೋದಕ್ಕೆ ಕಾರಣ ಕೇಂದ್ರ ಮೋಟಾರು ವಾಹನ ನಿಯಮಗಳು, 1989. ಅದರ 123ನೇ ನಿಯಮದ ಪ್ರಕಾರ ಹಿಂದೆ ಕೂರುವವರಿಗೆ ಹಿಡಿದುಕೊಳ್ಳಲು ಹಿಡಿ ಇರಬೇಕು, ಕಾಲಿಡಲು ಜಾಗ ಇರಬೇಕು, ಬಟ್ಟೆ ಸಿಕ್ಕಿಹಾಕಿಕೊಳ್ಳದಂತೆ ಹಿಂದಿನ ಚಕ್ರದ ಅರ್ಧದಷ್ಟಾದರೂ ಮುಚ್ಚಿರಬೇಕು. ಸೀರೆ ಸೆರಗು, ದುಪಟ್ಟಾ ಎಲ್ಲವನ್ನೂ ನೆನಪಿಟ್ಟುಕೊಂಡು ಮಾಡಿದ ರೂಲ್ ಇದು.

ಅಂದ್ರೆ, ಬೈಕಿನ ಬ್ರೋಷರಲ್ಲಿ ಇರೋದನ್ನೆಲ್ಲ ಎಂಜಿನಿಯರ್ ಒಬ್ಬರೇ ತೀರ್ಮಾನಿಸೋದಿಲ್ಲ. ಆಯಾ ದೇಶದ ಕಾನೂನೂ ಪಕ್ಕದಲ್ಲಿ ಕೂತು ಬರೆಸುತ್ತೆ.

ಯುರೋಪನ್ನೇ ನೋಡಿ. ಅಲ್ಲಿ ಬೈಕ್ ಲೈಸೆನ್ಸ್ ಅಂದ್ರೆ ಮೆಟ್ಟಿಲು ಹತ್ತಿದ ಹಾಗೆ. ಸಾಮಾನ್ಯವಾಗಿ 16ನೇ ವಯಸ್ಸಿಗೆ ಎ1: 125 ಸಿಸಿ, 11 ಕಿಲೋವ್ಯಾಟ್ ಮೀರುವಂತಿಲ್ಲ. 18ಕ್ಕೆ ಎ2: ಇಲ್ಲಿ ಸಿಸಿ ಲೆಕ್ಕವಿಲ್ಲ, ಆದರೆ ಪವರ್ 35 ಕಿಲೋವ್ಯಾಟ್ ದಾಟಬಾರದು, ಅಂದರೆ ಸುಮಾರು 47 ಎಚ್‌ಪಿ. ಎ2 ಲೈಸೆನ್ಸಲ್ಲಿ ಎರಡು ವರ್ಷ ಕಳೆದ ಮೇಲೆ ಪೂರ್ತಿ ಎ. ನೇರವಾಗಿ ದೊಡ್ಡ ಬೈಕೇ ಬೇಕು ಅಂದ್ರೆ 24 ತುಂಬೋವರೆಗೆ ಕಾಯಬೇಕು.

ಅದಕ್ಕೇ ಯಮಹಾ ಎಂಟಿ-07 ಬೈಕಿನ 73 ಎಚ್‌ಪಿ ಆಸುಪಾಸಿನ ಪವರನ್ನು 35 ಕಿಲೋವ್ಯಾಟಿಗೆ ಇಳಿಸಿ ಅಲ್ಲಿ ಇನ್ನೊಂದು ಆವೃತ್ತಿ ಮಾರುತ್ತಾರೆ. ನಮ್ಮ ಚೆನ್ನೈ ಬಳಿ ತಯಾರಾಗೋ ರಾಯಲ್ ಎನ್‌ಫೀಲ್ಡ್ ಇಂಟರ್‌ಸೆಪ್ಟರ್ 650ರ ಪವರ್ ಎಷ್ಟು ಗೊತ್ತಾ? ಸುಮಾರು 47 ಎಚ್‌ಪಿ. “650 ಸಿಸಿಗೆ ಇಷ್ಟೇನಾ?” ಅಂತ ಮೂಗು ಮುರಿಯೋರಿಗೆ ಹೇಳಿ, ಎ2 ಗೆರೆಗೆ ಅದು ಅಳತೆ ತೆಗೆದು ಹೊಲಿಸಿದ ಹಾಗೆ ಕೂರುತ್ತೆ.

ಜಪಾನಲ್ಲಿ ಲೆಕ್ಕ ಬೇರೆ. ಅಲ್ಲಿ ಸಿಸಿಯೇ ದೇವರು. ಸಾಮಾನ್ಯ ಬೈಕ್ ಲೈಸೆನ್ಸಿಗೆ 400 ಸಿಸಿ ಮಿತಿ, ಅದರಾಚೆಗೆ ಬೇರೆ ಲೈಸೆನ್ಸ್. 250 ಸಿಸಿ ದಾಟಿದರೆ ‘ಶಾಕೆನ್’ ಅನ್ನೋ ಖರ್ಚಿನ ತಪಾಸಣೆ. 125 ಮತ್ತು ಅದಕ್ಕಿಂತ ಕಡಿಮೆ ಸಿಸಿಯವು ಎಕ್ಸ್‌ಪ್ರೆಸ್‌ವೇಗೆ ಇಳಿಯೋ ಹಾಗಿಲ್ಲ. ಹೋಂಡಾ ಸಿಬಿ400 ಸೂಪರ್ ಫೋರ್ 1992ರಿಂದ 2022ರವರೆಗೆ 399 ಸಿಸಿಯಲ್ಲೇ ನಿಂತಿದ್ದು ಸುಮ್ಮನೆ ಅಲ್ಲ. (ನಮ್ಮ ಬೆಂಗಳೂರು–ಮೈಸೂರು ಎಕ್ಸ್‌ಪ್ರೆಸ್‌ವೇ ಮುಖ್ಯ ಪಥದಲ್ಲಿ 2023ರ ಆಗಸ್ಟ್‌ನಿಂದ 100 ಸಿಸಿಗೂ ಪ್ರವೇಶವಿಲ್ಲ, 1000 ಸಿಸಿಗೂ ಇಲ್ಲ!)

ಹಾಗಾದ್ರೆ ನಮ್ಮ ದೇಶದ ಗೆರೆ ಎಲ್ಲಿದೆ? ಲೈಸೆನ್ಸಲ್ಲಿ ಅಲ್ಲ, ಬಿಲ್ಲಲ್ಲಿ. 2025ರ ಸೆಪ್ಟೆಂಬರ್ 22ರಿಂದ 350 ಸಿಸಿವರೆಗಿನ ಬೈಕಿಗೆ ಜಿಎಸ್‌ಟಿ ಶೇ 28ರಿಂದ 18ಕ್ಕೆ ಇಳಿಯಿತು. ಅದಕ್ಕಿಂತ ದೊಡ್ಡದಕ್ಕೆ ಸೆಸ್ ಸೇರಿ ಶೇ 31 ಇದ್ದದ್ದು 40 ಆಯಿತು. 349 ಸಿಸಿಯ ಕ್ಲಾಸಿಕ್ 350 ಗೆರೆಯ ಈಚೆಗೆ, 452 ಸಿಸಿಯ ಹಿಮಾಲಯನ್ ಆಚೆಗೆ.

ಈಗ ಇದನ್ನ ಯೋಚನೆ ಮಾಡಿ. ಯುರೋಪ್ “ನಿಂಗೆ ಎಷ್ಟು ಅನುಭವ ಇದೆಯಪ್ಪಾ?” ಅಂತ ಕೇಳುತ್ತೆ. ನಾವು “ಜೇಬಲ್ಲಿ ಎಷ್ಟಿದೆ?” ಅಂತ ಕೇಳ್ತೀವಿ. ಇಲ್ಲಿ 18 ತುಂಬಿದ ಹುಡುಗ ಗೇರ್ ಇರೋ ಬೈಕಿನ ಲೈಸೆನ್ಸ್ ತಗೊಂಡ್ರೆ ಮುಗೀತು. 8 ಎಚ್‌ಪಿಯ ಸ್ಪ್ಲೆಂಡರ್‌ಗೂ ಅದೇ ಕಾರ್ಡು, 1340 ಸಿಸಿಯ ಹಯಬೂಸಾಗೂ ಅದೇ ಕಾರ್ಡು. ಅಪ್ಪ ದುಡ್ಡು ಕೊಟ್ಟರೆ ಕಾನೂನು ತಡೆಯೋದಿಲ್ಲ.

ಕೆಲಸಕ್ಕೆ ಅಂತ ಜರ್ಮನಿಗೆ ಹೋದವರಿಗೆ ಈ ವ್ಯತ್ಯಾಸ ಬೇಗ ಅರ್ಥ ಆಗುತ್ತೆ. ನಮ್ಮ ಲೈಸೆನ್ಸ್ ಅಲ್ಲಿ ನೆಲೆಸಿದ ಮೇಲೆ ಸಾಮಾನ್ಯವಾಗಿ ಆರು ತಿಂಗಳಷ್ಟೇ ನಡೆಯೋದು. ಆಮೇಲೆ ಥಿಯರಿ, ಪ್ರಾಕ್ಟಿಕಲ್ ಎರಡೂ ಪರೀಕ್ಷೆ ಬರೀಬೇಕು, ಇಲ್ಲಿ ಹತ್ತು ವರ್ಷ ಗಾಡಿ ಓಡಿಸಿದ್ರೂ.

ನಮ್ಮ ಕಾನೂನು ಮೆಟ್ಟಿಲು ಕಟ್ಟಿಲ್ಲ ಅಂದ್ರೆ ನಾವೇ ಕಟ್ಟಿಕೊಳ್ಳಬಹುದಲ್ವಾ? ಮನೆಯಲ್ಲಿ ತಮ್ಮನೋ ಮಗನೋ ಮೊದಲ ಬೈಕ್ ಕೇಳಿದಾಗ ಇಎಂಐ ಲೆಕ್ಕದ ಜೊತೆ ಎಚ್‌ಪಿ ಲೆಕ್ಕಾನೂ ಹಾಕಿ. ಎರಡು ವರ್ಷ ಸಣ್ಣದರಲ್ಲಿ ಕೈ ಪಳಗಲಿ. ದೊಡ್ಡದು ಎಲ್ಲಿಗೂ ಓಡಿ ಹೋಗಲ್ಲ.

ಮತ್ತೆ, ಆ ಸೀರೆ ಗಾರ್ಡ್ ಬಿಚ್ಚಿಸೋ ಮುಂಚೆ ಒಂದು ಸಲ ಹಿಂದಿನ ಸೀಟು ನೋಡಿ. ಅಲ್ಲಿ ನಾಳೆ ಅಮ್ಮ ಕೂರ್ತಾರೆ.