ಬೀಗ ಬಿದ್ದ ಮನೆಗಳೂ ನೆಲೆ ಕಾಣದ ಕುಟುಂಬಗಳೂ

ಬೆಂಗಳೂರು ನಗರ ಜಿಲ್ಲೆಯ ಜನಸಂಖ್ಯೆಯು 2001ರ ಜನಗಣತಿಯಲ್ಲಿ 65 ಲಕ್ಷದಷ್ಟಿದ್ದು, 2011ರಲ್ಲಿ 96 ಲಕ್ಷವನ್ನು ಮೀರಿತು. ಹತ್ತೇ ವರ್ಷಗಳಲ್ಲಿ ಮೂವತ್ತು ಲಕ್ಷ ಜನ! ಕಟ್ಟಡದ ಕೆಲಸಕ್ಕೆಂದು ರಾಯಚೂರು, ಯಾದಗಿರಿಗಳಿಂದ ಬಂದವರು, ಉದ್ಯೋಗವನ್ನರಸಿ ಕರಾವಳಿಯಿಂದಲೂ ನೆರೆರಾಜ್ಯಗಳಿಂದಲೂ ಬಂದ ಯುವಕ ಯುವತಿಯರು, ಎಲ್ಲರೂ ಈ ಹೆಚ್ಚಳದಲ್ಲಿ ಸೇರಿದ್ದಾರೆ. ನಮ್ಮ ಧರ್ಮಕೇಂದ್ರಗಳ ಭಾನುವಾರದ ಬಲಿಪೂಜೆಯಲ್ಲಿ ಕಾಣುವ ಹೊಸ ಮುಖಗಳೇ ಇದಕ್ಕೆ ಸಾಕ್ಷಿ.

ಕುಟುಂಬದ ಸ್ವರೂಪವೂ ಬದಲಾಗಿದೆ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ನಮ್ಮ ರಾಜ್ಯದಲ್ಲಿ ಮಹಿಳೆಯೊಬ್ಬಳಿಗೆ ಸರಾಸರಿ 1.7 ಮಕ್ಕಳು. ಕೂಡು ಕುಟುಂಬಗಳು ಒಡೆದು, ಎಂಟು ಜನಕ್ಕೆ ಸಾಕಾಗುತ್ತಿದ್ದ ಒಂದು ಮನೆಯ ಬದಲು ಈಗ ಎರಡು ಬೇಕಾಗಿವೆ. ಜನಸಂಖ್ಯೆ ಹೆಚ್ಚದಿದ್ದರೂ ಮನೆಗಳ ಅಗತ್ಯ ಹೆಚ್ಚುವುದು ಹೀಗೆ.

ಹಾಗಾದರೆ ಕೊರತೆ ಎಲ್ಲಿದೆ? ದೇಶದ ನಗರಗಳಲ್ಲಿ 1 ಕೋಟಿ 87 ಲಕ್ಷಕ್ಕೂ ಹೆಚ್ಚು ಮನೆಗಳ ಕೊರತೆಯಿದೆಯೆಂದು ಕೇಂದ್ರ ಸರ್ಕಾರದ ತಜ್ಞರ ತಂಡವು 2012ರಲ್ಲಿ ಅಂದಾಜು ಮಾಡಿತು. ಅದರಲ್ಲಿ ಶೇ. 95ಕ್ಕಿಂತ ಹೆಚ್ಚು ಪಾಲು ಬಡವರದು ಮತ್ತು ಕಡಿಮೆ ಆದಾಯದವರದು. ಆದರೆ 2011ರ ಜನಗಣತಿಯು ಅದೇ ನಗರಗಳಲ್ಲಿ ಸುಮಾರು 1 ಕೋಟಿ 10 ಲಕ್ಷ ಮನೆಗಳು ಖಾಲಿ ಬಿದ್ದಿರುವುದನ್ನು ಕಂಡಿತ್ತು. ಬೇಡಿಕೆಯೆಂಬ ಶಬ್ದಕ್ಕೆ ಎರಡರ್ಥಗಳುಂಟು: ಅಗತ್ಯವೊಂದು, ಕೊಳ್ಳುವ ಶಕ್ತಿ ಇನ್ನೊಂದು. ಮಾರುಕಟ್ಟೆಯ ಕಿವಿಗೆ ಎರಡನೆಯದು ಮಾತ್ರ ಕೇಳಿಸುತ್ತದೆ.

ಮೊದಲನೆಯದನ್ನು ಕೇಳಿಸಿಕೊಳ್ಳಬೇಕಾದವರು ಯಾರು? ಸರ್ಕಾರವೆಂಬ ಉತ್ತರ ಸರಿಯಾದರೂ ಅಪೂರ್ಣ. ಆಸ್ತಿಯ ಒಡೆತನ ಖಾಸಗಿಯಾಗಿರಬಹುದು, ಅದರ ಬಳಕೆಯಲ್ಲಿ ಮಾತ್ರ ಪರರ ಅಗತ್ಯಕ್ಕೂ ಪಾಲಿರಬೇಕೆಂಬುದು ಸಂತ ಥಾಮಸ್ ಅಕ್ವಿನಾಸರ ವಿಚಾರ. ಮಹಡಿಯ ಮೇಲೊಂದು ಮನೆ ಕಟ್ಟಿಸಿದ ನಮ್ಮಲ್ಲಿ ಪ್ರತಿಯೊಬ್ಬರಿಗೂ ಇದು ಅನ್ವಯಿಸುತ್ತದೆ. ಆಹಾರದ ಹೆಸರಿನಲ್ಲಿ, ಧರ್ಮದ ಹೆಸರಿನಲ್ಲಿ ಮನೆ ಸಿಗದೆ ಹಿಂದಿರುಗಿದ ನೋವು ನಮ್ಮ ಅನೇಕ ಕುಟುಂಬಗಳಿಗೆ ಹೊಸದಲ್ಲ. ಹಾಗಿರುವಾಗ ಗಾರೆ ಕೆಲಸದವನ ಕುಟುಂಬಕ್ಕೆ ನಾವೇ ಬಾಗಿಲು ಮುಚ್ಚುವುದು ಯಾವ ನ್ಯಾಯ? ಹತ್ತು ತಿಂಗಳ ಮುಂಗಡ ಕೇಳುವುದೂ ಒಂದು ಬಗೆಯಲ್ಲಿ ಬಾಗಿಲು ಮುಚ್ಚಿದಂತೆಯೇ.

ಮನೆಯೊಡೆಯರ ಭಯವನ್ನು ನಾವು ಅಲ್ಲಗಳೆಯುವುದಿಲ್ಲ. ನಿವೃತ್ತ ದಂಪತಿಗಳಿಗೆ ಬಾಡಿಗೆಯೇ ಜೀವನಾಧಾರ. ಬಂದವರು ಬಿಟ್ಟು ಹೋಗದಿದ್ದರೆ ಗತಿಯೇನೆಂಬ ಚಿಂತೆ ಸಹಜ. ಕೇಂದ್ರವು 2021ರಲ್ಲಿ ರಾಜ್ಯಗಳ ಮುಂದಿಟ್ಟ ಮಾದರಿ ಬಾಡಿಗೆ ಕಾಯ್ದೆಯು ಉಭಯರ ಹಿತವನ್ನೂ ತೂಗಿ ನೋಡಿದೆ. ವಾಸದ ಮನೆಗೆ ಮುಂಗಡ ಎರಡು ತಿಂಗಳ ಬಾಡಿಗೆಯನ್ನು ಮೀರಬಾರದು; ಅವಧಿ ಮುಗಿದರೂ ಬಿಡದವರು ಮೊದಲೆರಡು ತಿಂಗಳು ಇಮ್ಮಡಿ, ಆನಂತರ ನಾಲ್ಮಡಿ ಬಾಡಿಗೆ ತೆರಬೇಕು. ಲಿಖಿತ ಕರಾರಿನೊಡನೆ ಈ ನಡೆಯನ್ನು ನಾವು ಸ್ವಯಿಚ್ಛೆಯಿಂದ ಅನುಸರಿಸಲು ಯಾರ ಅಪ್ಪಣೆಯೂ ಬೇಕಿಲ್ಲ.

ಆದಕಾರಣ ಪ್ರತಿಯೊಂದು ಧರ್ಮಕೇಂದ್ರದ ಪಾಲನಾ ಸಮಿತಿಯೂ ಖಾಲಿ ಮನೆಗಳ ಹಾಗೂ ಮನೆ ಅರಸುವವರ ಪಟ್ಟಿಯೊಂದನ್ನು ಇರಿಸಲಿ. ಭೂಮಿಯುಳ್ಳ ನಮ್ಮ ಸಂಸ್ಥೆಗಳೂ ಅದರಲ್ಲೊಂದು ಭಾಗವನ್ನು ಕಡಿಮೆ ಬಾಡಿಗೆಯ ವಸತಿಗೆ ಮೀಸಲಿಡುವ ಬಗ್ಗೆ ಆಲೋಚಿಸಲಿ. ಬೆತ್ಲೆಹೇಮಿನ ಛತ್ರದಲ್ಲಿ ಸ್ಥಳವಿರಲಿಲ್ಲವೆಂದು ಪ್ರತಿ ಕ್ರಿಸ್ಮಸ್ಸಿಗೂ ಮರುಗುವ ನಾವು, ನಮ್ಮ ಮಹಡಿಯಲ್ಲಿ ಸ್ಥಳವಿದೆಯೇ ಎಂದು ಒಮ್ಮೆ ನೋಡಿಕೊಳ್ಳಬೇಕು.